ಮೈಲ್ಡ್ ಎಂಬ ಪದಕ್ಕೆ ಎರಡು ಉದಾಹರಣೆ

ಆ ಸೋಮವಾರ ನನ್ನ ಮೇಜಿಗೆ ಬಂದ ಕಟ್ಟಿನಲ್ಲಿ ಹನ್ನೆರಡು ವಿಶೇಷಣಗಳಿದ್ದವು. ಹನ್ನೊಂದು ಮರೆತುಹೋಗಿವೆ. ಹನ್ನೆರಡನೆಯದು ‘ಮೈಲ್ಡ್’.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಡಾಟ್ ಕಾಂ ಕಾಲ. ಅಮೆರಿಕದ ಫಾಸ್ಟರ್ ಸಿಟಿಯಲ್ಲಿ, ಊರೊಳಗಿನ ಹಿನ್ನೀರಿನ ಕೆರೆಗೆ, ಅಂದರೆ ಲಗೂನಿಗೆ, ಮುಖಮಾಡಿದ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಕಂಪನಿ ಅಂದರೆ ಹದಿನಾಲ್ಕು ಜನ, ಒಂದು ಪಿಂಗ್‌ಪಾಂಗ್ ಮೇಜು, ಎಷ್ಟು ತಿಂದರೂ ಮುಗಿಯದ ಸೀರಿಯಲ್ ಡಬ್ಬಿಗಳು. ಚೀನೀ ಭಾಷೆಯವರು ಇಂಗ್ಲಿಷ್ ಕಲಿಯಲೆಂದು ಇಂಟರ್ನೆಟ್ಟಿನಲ್ಲಿ ಒಂದು ನಿಘಂಟು ಮಾಡುತ್ತಿದ್ದೆವು. ಮಂಡ್ಯದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದ್ದ ನಾನು ಅಲ್ಲಿ ಪದ ಬರೆಯುವವನು. ನನ್ನ ಹೆಂಡತಿ ಅದೇ ಊರಿನ ಬಯೋಟೆಕ್ ಕಂಪನಿಯೊಂದರಲ್ಲಿ ವಿಜ್ಞಾನಿ. ಅಮೆರಿಕಕ್ಕೆ ಬಂದದ್ದು ಅವಳ ಕೆಲಸಕ್ಕೆ, ನಾನು ಬೆನ್ನಿಗೆ ಬಂದವನು. ಕನ್ನಡ ಕೂಟದಲ್ಲಿ ಯಾರಾದರೂ ‘ನೀವೇನ್ ಮಾಡ್ತೀರಾ ಸಾರ್?’ ಎಂದು ಕೇಳಿ, ನಾನು ‘ಡಿಕ್ಷನರಿ ಬರೀತೀನಿ’ ಎಂದರೆ, ‘ಅದಲ್ಲ ಸಾರ್, ಕೆಲ್ಸ?’ ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ನಿಯಮಗಳು ಬಿಗಿಯಾಗಿದ್ದವು. ಒಂದು ಪದಕ್ಕೆ ಒಂದೇ ಪರದೆ. ಫೋನಿನ ತಂತಿಯ ಮೇಲೆ ಕೊಂಯ್ ಎಂದು ಕೂಗುತ್ತ ಪುಟ ಇಳಿಸುತ್ತಿದ್ದ ಕಾಲ ಅದು. ಪರದೆ ಉದ್ದವಾದರೆ ಓದುಗ ಕಾಯುವುದಿಲ್ಲ. ಆದ್ದರಿಂದ ನಾಲ್ಕೇ ಚೌಕ: ಸರಳ ಇಂಗ್ಲಿಷಿನಲ್ಲಿ ಅರ್ಥ, ಚೀನೀ ಸಮಾನಪದ, ಎರಡು ಉದಾಹರಣೆ, ಹತ್ತಿರದ ಪದಗಳು. ಉದಾಹರಣೆ ಎರಡೇ, ಮೂರಿಲ್ಲ. ಅದನ್ನು ತಲೆಯಿಂದ ಕಟ್ಟುವ ಹಾಗೂ ಇಲ್ಲ. ಪ್ರತಿ ವಾಕ್ಯಕ್ಕೂ ಒಂದು ಕಾರ್ಡು ಇರಬೇಕು. ಎಲ್ಲಿ ಕಂಡಿತು, ಎಲ್ಲಿ ಕೇಳಿತು, ಕೆಳಗೆ ಒಂದು ಗೆರೆಯಲ್ಲಿ ‘ಯಾರು, ಯಾರಿಗೆ’. ಅಂಗಿಯ ಜೇಬಿನಲ್ಲಿ ಖಾಲಿ ಕಾರ್ಡುಗಳಿಲ್ಲದೆ ನಾನು ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಆ ‘ಯಾರು, ಯಾರಿಗೆ’ ಗೆರೆಯನ್ನು ಮಾತ್ರ ಮುಕ್ಕಾಲು ಪಾಲು ಖಾಲಿ ಬಿಡುತ್ತಿದ್ದೆ. ಪದ ಸಿಕ್ಕಿತಲ್ಲ, ಹೇಳಿದವರು ಯಾರಾದರೇನು ಎಂಬ ಉಡಾಫೆ.

ಮೈಲ್ಡ್ ಬೇಟೆ ಗ್ರೋಸರಿ ಅಂಗಡಿಯಲ್ಲಿ ಶುರುವಾಯಿತು. ಸಾಲ್ಸಾ ಎಂಬ ಖಾರದ ಚಟ್ನಿಯ ಬಾಟಲಿಯ ಮೇಲೆ ಮೈಲ್ಡ್. ಚೀಸಿನ ಮೇಲೆ ಮೈಲ್ಡ್. ಸೋಪು, ಶಾಂಪೂ, ಬಟ್ಟೆಯ ಪುಡಿ, ಎಲ್ಲದರ ಮೇಲೂ ಅದೇ. ನಾನು ಕಾರ್ಡು ತುಂಬಿಸುತ್ತ ನಿಂತಿದ್ದೆ. ಹೆಂಡತಿ ಗಾಡಿ ತಳ್ಳಿಕೊಂಡು ಮೂರನೆಯ ಸಲ ಬಂದಳು.

“ಏನ್ರೀ, ಸೋಪ್ ಓದ್ಕೊಂಡ್ ನಿಂತಿದ್ದೀರಾ? ಜನ ನೋಡ್ತಾವ್ರೆ.”

“ನೋಡ್ಲಿ ಬಿಡು. ಚೀಸ್‌ಗೂ ಸೋಪ್‌ಗೂ ಒಂದೇ ಪದ ಹಾಕವ್ರಲ್ಲ, ಯಾಕಿರ್ಬೋದು ಹೇಳು?”

“ಎರಡೂ ರುಚಿಯಿಲ್ಲ, ಅದಕ್ಕೇ,” ಎಂದು ಗಾಡಿ ತಿರುಗಿಸಿಕೊಂಡು ಹೋದಳು. ಇಂಥ ಪ್ರಶ್ನೆಗಳಿಗೆ ಅವಳ ಹತ್ತಿರ ಯಾವಾಗಲೂ ಒಂದು ಉತ್ತರ ರೆಡಿ ಇರುತ್ತದೆ.

ಕಂಪನಿಯಲ್ಲಿ ಚೀನೀ ಚೌಕವನ್ನು ತುಂಬುವವರು ತೈವಾನಿನ ಒಬ್ಬ ಅನುವಾದಕಿ. ಕಡಿಮೆ ಮಾತಿನವರು, ಪೆನ್ಸಿಲನ್ನು ಸೂಜಿಯಷ್ಟು ಚೂಪು ಮಾಡಿಕೊಂಡೇ ಕೂರುವವರು. ನನ್ನ ಕಾರ್ಡುಗಳನ್ನು ನೋಡಿ, “ಒಂದು ಪದದಲ್ಲಿ ಆಗುವುದಿಲ್ಲ,” ಎಂದರು. ಹವೆಗೂ ಮನುಷ್ಯನ ಸ್ವಭಾವಕ್ಕೂ ಒಂದು, ಕಾಯಿಲೆಗೆ ಇನ್ನೊಂದು, ಊಟಕ್ಕೆ ಮತ್ತೊಂದು. ನಾನು ಕನ್ನಡದಲ್ಲಿ ಯೋಚಿಸಿ ನೋಡಿದೆ. ನಮ್ಮದೂ ಅದೇ ಪಾಡು. ಸ್ವಭಾವಕ್ಕೆ ಸೌಮ್ಯ, ಬಿಸಿಲಿಗೆ ಹಿತ, ಜ್ವರಕ್ಕೆ ಸ್ವಲ್ಪ. ಚೀಸಿಗೆ ಏನು? ಸಪ್ಪೆ ಎಂದರೆ ಬೈದ ಹಾಗೆ. ಸೌಮ್ಯವಾದ ಚೀಸು ಎಂದರೆ ಅದು ಕೈಕಟ್ಟಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ.

ಎರಡು ದಿನ ಅದೇ ಹುಚ್ಚು. ಹಾಗಾದರೆ ಇಂಗ್ಲಿಷಿನವನ ತಲೆಯಲ್ಲಿ ಇವೆಲ್ಲ ಒಂದೇ ಗೂಡಿನಲ್ಲಿ ಕೂತದ್ದು ಹೇಗೆ? ಯಾವುದಕ್ಕೆ ಮೈಲ್ಡ್ ಎನ್ನುವುದಿಲ್ಲ ಎಂದು ಹುಡುಕಿದಾಗ ಗಂಟು ಬಿಚ್ಚಿತು. ನೀರಿಗೆ ಯಾರೂ ಮೈಲ್ಡ್ ಎನ್ನುವುದಿಲ್ಲ. ಅನ್ನಕ್ಕೂ ಇಲ್ಲ, ದಿಂಬಿಗೂ ಇಲ್ಲ. ಕಣ್ಣು ಉರಿಸಬಹುದಾದ ಸೋಪು, ನಾಲಿಗೆ ಸುಡಬಹುದಾದ ಮೆಣಸಿನಕಾಯಿ, ಮೂಳೆ ಕೊರೆಯಬಹುದಾದ ಚಳಿಗಾಲ, ಮಲಗಿಸಬಹುದಾದ ಕಾಯಿಲೆ, ಇವಕ್ಕೆ ಮಾತ್ರ. ನೋಯಿಸುವ ಶಕ್ತಿ ಇದ್ದೂ ಈ ಸಲ ಹೆಚ್ಚು ನೋಯಿಸದೆ ಬಿಟ್ಟದ್ದು ಮೈಲ್ಡ್. ಆಹಾ ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಅನುವಾದಕಿ ಪೆನ್ಸಿಲು ಕೆಳಗಿಟ್ಟು, “ಹೌದು, ಅದು ಸರಿ,” ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಶಾಲು ಹೊದಿಸಿದ ಹಾಗೆ.

ಬರೆದ ಪದವನ್ನು ಮುಂದಿನ ವಾರದ ಬುಧವಾರ ಬೆಳಿಗ್ಗೆ ಜನರ ಮೇಲೆ ಪರೀಕ್ಷಿಸಬೇಕಿತ್ತು. ಊರಿನ ಲೈಬ್ರರಿಯ ಹಿಂದಿನ ಕೋಣೆಗೆ ಚೀನೀ ಮೂಲದ ನಾಲ್ವರು ಹಿರಿಯರು ಬರುತ್ತಿದ್ದರು. ಪರದೆಯ ಅಚ್ಚುಪ್ರತಿ ಓದುವುದು, ಬಿಟ್ಟ ಸ್ಥಳ ತುಂಬುವುದು, ಕೊನೆಗೆ ‘ಸ್ಪಷ್ಟವಾಗಿದೆಯೇ?’ ಎಂಬುದರ ಮುಂದೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವುದು. ತಿಂಗಳುಗಳಿಂದ ಎಲ್ಲ ಪದಕ್ಕೂ ನಾಲ್ಕು ಹೌದು. ಮಂಡ್ಯದಲ್ಲಿ ನಾನು ಪಾಠ ಮುಗಿಸಿ ‘ಅರ್ಥ ಆಯ್ತೇನ್ರಪ್ಪಾ?’ ಎಂದರೆ ಇಡೀ ಕ್ಲಾಸು ‘ಆಯ್ತು ಸಾರ್’ ಎಂದು ಒಂದೇ ದನಿಯಲ್ಲಿ ಕೂಗುತ್ತಿತ್ತು. ಅದರ ಬೆಲೆ ಏನೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಇಲ್ಲಿ ಆ ನಾಲ್ಕು ಹೌದುಗಳನ್ನು ನಂಬಿಕೊಂಡು ಕೂತಿದ್ದೆ.

ನಾಲ್ವರಲ್ಲಿ ಒಬ್ಬರು ಗ್ವಾಂಗ್‌ಡಾಂಗಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನಸ್ಸಿನಲ್ಲೇ ಅವರನ್ನು ನಾನು ಲೆಕ್ಕದ ಮೇಡಂ ಎಂದು ಕರೆಯುತ್ತಿದ್ದೆ. ಎದುರಿಗೆ ಇಬ್ಬರೂ ಒಬ್ಬರಿಗೊಬ್ಬರು ‘ಟೀಚರ್’. ಅರವತ್ತೆಂಟರ ಗಟ್ಟಿ ಹೆಂಗಸು. ಮಗಳ ಮನೆಯಲ್ಲಿದ್ದರು. ಮಗಳಿಗೆ ಕೊಲ್ಲಿಯಾಚೆಯ ಸ್ಯಾನ್ ರಮೋನಿನಲ್ಲಿ ಕೆಲಸ, ದಿನವೂ ಸೇತುವೆ ದಾಟಿ ಹೋಗಿಬರಬೇಕು. ಮೊಮ್ಮಗಳನ್ನು ಮೂರು ಗಂಟೆಗೆ ಡೇಕೇರಿನಿಂದ ಕರೆತರುವುದು ಇವರ ಡ್ಯೂಟಿ.

ಆ ಬುಧವಾರ ಅವರು ಬಿಟ್ಟ ಸ್ಥಳಗಳನ್ನೆಲ್ಲ ಸರಿಯಾಗಿ ತುಂಬಿದರು. ಮೈಲ್ಡ್, ಮಾಡರೇಟ್, ಸಿವಿಯರ್ ಎಂದು ಬರೆದ ಮೂರು ಕಾರ್ಡುಗಳನ್ನು ಕೊಟ್ಟು, ನೋವು ಏರುವ ಕ್ರಮದಲ್ಲಿ ಇಡಿ ಎಂದೆ. ಉಳಿದವರು ಯೋಚಿಸುತ್ತಿರುವಾಗಲೇ ಇವರು ಜೋಡಿಸಿ, ಅಂಚುಗಳನ್ನು ಅಳತೆಪಟ್ಟಿ ಇಟ್ಟ ಹಾಗೆ ಸಮ ಮಾಡಿದರು. ಸ್ವಂತ ವಾಕ್ಯ ಹೇಳಿ ಎಂದಾಗ, “ನನ್ನ ತಂಗಿ ಮೈಲ್ಡ್ ಅಲ್ಲ,” ಎಂದರು. ಎಲ್ಲರೂ ನಕ್ಕರು. ಊರಿನಲ್ಲಿರುವ ಆ ತಂಗಿ ಪ್ರತಿ ಭಾನುವಾರ ಫೋನು ಮಾಡಿ ಅಕ್ಕನನ್ನೇ ಬೈಯುತ್ತಾಳಂತೆ. ಫಾರಂ ಮೇಲೆ ಎಂದಿನಂತೆ ನಾಲ್ಕು ಹೌದು.

ಎಲ್ಲರೂ ಎದ್ದ ಮೇಲೆ ಮೇಡಂ ಉಳಿದರು. “ಟೀಚರ್, ನಿಮ್ಮ ಹತ್ತಿರ ಕಾರು ಇದೆಯಲ್ಲ? ಒಂದು ಗಂಟೆಗೆ ನನಗೆ ಕ್ಲಿನಿಕ್ಕು. ಮಗಳಿಗೆ ಮೀಟಿಂಗು. ಭುಜ ನೋಯುತ್ತದೆ, ದೊಡ್ಡ ವಿಷಯವಲ್ಲ.”

ನನಗೆ ಖುಷಿಯೇ ಆಯಿತು. ಕಾರು ನಿಲ್ಲಿಸಿದ ಜಾಗದಿಂದ ಕ್ಲಿನಿಕ್ಕಿಗೆ ಲಗೂನಿನ ದಡದ ದಾರಿಯಲ್ಲಿ ಐದು ನಿಮಿಷದ ನಡಿಗೆ. ಮೇಡಂ ನಡುವೆ ನಿಂತು ಬಾತುಕೋಳಿ ನೋಡಿದರು. ಸ್ವಲ್ಪ ನಡೆದು ಮತ್ತೆ ನಿಂತರು. ನಾನೂ ನಿಂತು ಮಂಡ್ಯದ ನಾಲೆಯಲ್ಲಿ ಈಜುತ್ತಿದ್ದ ಕಥೆ ಹೇಳಿದೆ. ಕ್ಲಿನಿಕ್ಕಿನ ಬಾಗಿಲ ಹತ್ತಿರ ಮೂರನೆಯ ಸಲ ನಿಂತರು. ಪ್ರಕೃತಿಯೆಂದರೆ ಎಷ್ಟು ಪ್ರೀತಿ ಎಂದುಕೊಂಡೆ.

ಒಳಗೆ ನನ್ನನ್ನೂ ಜೊತೆಗೆ ಕರೆದರು, ಇಂಗ್ಲಿಷಿಗೆ ಸಹಾಯ ಬೇಕಾದರೆ ಎಂದು. ನರ್ಸು ಬರೆದುಕೊಳ್ಳುತ್ತ, ನೋವು ಎಷ್ಟಿದೆ ಎಂದು ಕೇಳಿದಳು.

“ಮೈಲ್ಡ್,” ಎಂದರು ಮೇಡಂ.

ನಾನು ಏನು ಮಾಡಿದೆ ಗೊತ್ತೇ? “ವೆರಿ ಗುಡ್!” ಎಂದೆ. ಜೋರಾಗಿಯೇ ಅಂದೆ. ಬೆಳಿಗ್ಗೆ ಕಲಿಸಿದ ಪದ ಮಧ್ಯಾಹ್ನಕ್ಕೆ ಬಾಯಲ್ಲಿ ಬಂದಿದೆ, ಸರಿಯಾದ ಜಾಗದಲ್ಲಿ, ಸರಿಯಾದ ಉಚ್ಚಾರದಲ್ಲಿ! ಮೇಷ್ಟರಿಗೆ ಇದಕ್ಕಿಂತ ಇನ್ನೇನು ಬೇಕು? ಮೇಡಂ ಒಳ್ಳೆಯ ಅಂಕ ಬಂದವರ ಹಾಗೆ ನಕ್ಕರು. ಆಮೇಲೆ ಡಾಕ್ಟರು ಬಂದು ಭುಜ ಒತ್ತಿ ನೋಡಿ, ನಡೆದಾಗ ಹೆಚ್ಚಾಗುತ್ತದೆಯೇ ಎಂದು ಕೇಳಿದರು. “ಇಲ್ಲ. ಯಾವಾಗಲೂ ಮೈಲ್ಡ್,” ಎಂದು ಮೇಡಂ ಗೋಡೆಯ ಗಡಿಯಾರ ನೋಡಿದರು. ಡಾಕ್ಟರರ ತಪ್ಪೇನೂ ಇಲ್ಲ. ಭುಜದಲ್ಲಿ ಮೈಲ್ಡ್ ನೋವಿರುವ ಗಟ್ಟಿ ಹೆಂಗಸಿಗೆ ಏನು ಕೊಡಬೇಕೋ ಅದನ್ನೇ ಕೊಟ್ಟರು. ಒಂದು ನೋವಿನ ಮಾತ್ರೆ, ಒಂದಿಷ್ಟು ವಿಶ್ರಾಂತಿ, ಹೆಚ್ಚಾದರೆ ಬನ್ನಿ ಎಂಬ ಮಾತು. ಮೂರಕ್ಕೆ ಮುಂಚೆಯೇ ನಾನು ಮೇಡಂರನ್ನು ಡೇಕೇರಿನ ಬಾಗಿಲಲ್ಲಿ ಇಳಿಸಿದೆ.

ಆಫೀಸಿಗೆ ಬಂದವನೇ ಕಾರ್ಡು ಬರೆದೆ. ಆ ಗೆರೆಯನ್ನು ಅವತ್ತು ಖಾಲಿ ಬಿಡಲಿಲ್ಲ. ‘ಯಾರು: ಲೆಕ್ಕದ ಮೇಡಂ. ಯಾರಿಗೆ: ನರ್ಸಿಗೆ.’ ನಮ್ಮ ಪ್ರಾಜೆಕ್ಟ್ ಮ್ಯಾನೇಜರು ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮೇಷ್ಟ್ರು ಎಂಬ ಗೌರವವನ್ನು ನನ್ನ ಮಟ್ಟಿಗೆ ಬಿಡದೆ ಇಟ್ಟುಕೊಂಡಿದ್ದವನು. ಅವನಿಗೆ ತೋರಿಸಿದೆ.

“ಸೂಪರ್ ಸಾರ್! ನಮ್ಮ ಲರ್ನರೇ ರಿಯಲ್ ಲೈಫಲ್ಲಿ ಯೂಸ್ ಮಾಡಿದಾರೆ ಅಂದ್ರೆ! ಮುಂದಿನ ವಾರ ಇನ್ವೆಸ್ಟರ್ಸ್ ಡೆಮೋ ಇದ್ಯಲ್ಲ, ಈ ಪೇಜನ್ನೇ ಫಸ್ಟ್ ತೋರ್ಸೋಣ.”

ಸಂಜೆ ಆರಕ್ಕೆ ಊಟಕ್ಕೆ ಕೂತಾಗ ಹೆಂಡತಿಗೂ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಅವಳು ಮುದ್ದೆ ಮುರಿಯುತ್ತ ಕೇಳುತ್ತಿದ್ದಳು. ಬಾತುಕೋಳಿಯ ಸುದ್ದಿ ಬಂದಾಗ ಕೈ ನಿಲ್ಲಿಸಿದಳು.

“ಎಷ್ಟ್ ಸಲ ನಿಂತ್ರು?”

“ಮೂರು ಸಲ.”

“ಮೂರು ಸಲಾನೂ ಬಾತುಕೋಳಿನೇ ನೋಡಿದ್ರಾ?”

ನಾನು ನೆನಪು ಮಾಡಿಕೊಂಡೆ. ಮೊದಲ ಸಲ ನೀರಿನಲ್ಲಿ ಬಾತುಕೋಳಿ ಇತ್ತು. ಎರಡನೆಯ ಸಲ ಬರೀ ನೀರಿತ್ತು. ಮೂರನೆಯ ಸಲ ನಿಂತದ್ದು ಬಾಗಿಲ ಹತ್ತಿರ, ಅಲ್ಲಿ ಇದ್ದದ್ದು ಸಿಮೆಂಟಿನ ಗೋಡೆ.

“ಯಾವ್ ಭುಜ?”

“ಎಡಗಡೆದು.”

“ಅಯ್ಯೋ ನಿಮ್ಮ! ನಾಲ್ಕೆಜ್ಜೆ ಹಾಕಿ ನಿಂತ್ಕೊಂಡವ್ರೆ, ಎಡಗಡೆ ನೋವು ಅಂದವ್ರೆ, ನೀವು ವೆರಿ ಗುಡ್ ಅಂದ್ರಾ?”

“ಅವ್ರೇ ಮೈಲ್ಡ್ ಅಂದ್ರಲ್ಲೇ. ಅರ್ಥ ಗೊತ್ತಿದೆ ಅವ್ರಿಗೆ. ಬೆಳಿಗ್ಗೆ ಕ್ರಮವಾಗಿ ಜೋಡ್ಸಿದ್ರು.”

“ಹೋದ್ ವರ್ಷ ಹಲ್ಲು ಕೀವಾಗಿ ಕೆನ್ನೆ ಬನ್ನಿನ ಥರ ಊದ್ಕೊಂಡಿತ್ತಲ್ಲ, ಡೆಂಟಿಸ್ಟ್ ಕೇಳ್ದಾಗ ನೀವೇನಂದ್ರಿ? ‘ಪರ್ವಾಗಿಲ್ಲ, ಒಂಚೂರು.’ ನಿಮಗೆ ಒಂಚೂರು ಅನ್ನೋದರ ಅರ್ಥ ಗೊತ್ತಿರ್ಲಿಲ್ವಾ?”

ತುತ್ತು ತಟ್ಟೆಗೆ ಬಿಟ್ಟು ಎದ್ದೆ. ನನಗೆ ಆ ಕ್ಷಣ ಆದದ್ದು ನಾಚಿಕೆಯಲ್ಲ, ಭಯ. ಫೋನು ಮಾಡಿದೆ. ಮೇಡಂ ಅವರೇ ಎತ್ತಿದರು. ಮಗಳು ಇನ್ನೂ ಫ್ರೀವೇ ಮೇಲಿದ್ದಾಳೆ, ಮೊಮ್ಮಗಳು ಟಿವಿ ನೋಡುತ್ತಿದ್ದಾಳೆ. ಭುಜ? “ಫೈನ್, ಟೀಚರ್. ಮೈಲ್ಡ್.” ಮಧ್ಯಾಹ್ನದ ಅದೇ ದನಿ. ಹೆಂಡತಿ ಆಗಲೇ ಕೈ ತೊಳೆದು ಕಾರಿನ ಕೀ ಹಿಡಿದು ನಿಂತಿದ್ದಳು.

“ಏಳ್ರೀ. ನಾನೇನ್ ಡಾಕ್ಟ್ರಲ್ಲ, ಲ್ಯಾಬಲ್ಲಿ ಇಲಿ ನೋಡ್ಕೊಳೋಳು. ಆದ್ರೂ ನಡೀರಿ, ಕಣ್ಣಲ್ ನೋಡಿ ಬರಣ.”

ಹತ್ತು ನಿಮಿಷದ ದಾರಿ. ಮೇಡಂ ಬಾಗಿಲು ತೆರೆದು, ಅತಿಥಿಗಳು ಬಂದರೆಂದು ಬಿಸಿನೀರು ಇಡಲು ಹೊರಟರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆಯಲ್ಲಿ ಬೆವರು. ಹೆಂಡತಿ ಕೇಳಿದಳು: ನೋವಿದೆಯಾ? ಇಲ್ಲ ಇಲ್ಲ. ಆಸ್ಪತ್ರೆಗೆ ಹೋಗೋಣವಾ? ಬೇಡ ಬೇಡ, ಮಧ್ಯಾಹ್ನ ಡಾಕ್ಟರು ನೋಡಿದ್ದಾರಲ್ಲ. ಆಂಬುಲೆನ್ಸ್ ಕರೆಯಲಾ? ಮೇಡಂ ಗಾಬರಿಯಾಗಿ ಎರಡೂ ಕೈ ಆಡಿಸಿದರು. ಮಗು ಹೆದರುತ್ತದೆ, ಅಕ್ಕಪಕ್ಕದವರು ನೋಡುತ್ತಾರೆ, ನಾನು ಚೆನ್ನಾಗಿದ್ದೇನೆ. ಎಷ್ಟು ಕೇಳಿದರೂ ಉತ್ತರ ಅದೇ. ಚೆನ್ನಾಗಿದ್ದೇನೆ ಎನ್ನುವವರನ್ನು ಎಳೆದುಕೊಂಡು ಹೋಗುವುದು ಹೇಗೆ?

ಆಗ ನನಗೆ ಹೊಳೆದದ್ದು ಒಂದೇ. ಈಕೆ ಡಾಕ್ಟರಿಗೆ ಸುಳ್ಳು ಹೇಳಬಹುದು, ಮಗಳಿಗೆ ಹೇಳಬಹುದು, ನನಗಂತೂ ಹೇಳುತ್ತಲೇ ಇದ್ದಾರೆ. ಪರೀಕ್ಷೆಯಲ್ಲಿ ಸುಳ್ಳು ಬರೆಯುವವರಲ್ಲ. ಜೇಬಿಗೆ ಕೈ ಹಾಕಿದೆ. ಬೆಳಗಿನ ಮೂರು ಕಾರ್ಡು ಅಲ್ಲೇ ಇದ್ದವು. ಖಾಲಿ ಕಾರ್ಡುಗಳ ಮೇಲೆ ನರ್ಸ್, ಮಗಳು, ತಂಗಿ ಎಂದು ಬರೆದು ಮೇಜಿನ ಮೇಲೆ ಒಂದರ ಕೆಳಗೊಂದು ಇಟ್ಟೆ.

“ಟೀಚರ್, ಬೆಳಗಿನ ಪಾಠದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಒಂದೇ ನೋವು. ಈವತ್ತಿನದು. ಯಾರಿಗೆ ಯಾವ ಪದ ಹೇಳುತ್ತೀರಿ, ಪಕ್ಕದಲ್ಲಿಡಿ. ಸರಿಯುತ್ತರ ಮಾತ್ರ ಬೇಕು.”

ಹೆಂಡತಿ ನನ್ನನ್ನು ಹುಚ್ಚನೇನೋ ಎಂಬಂತೆ ನೋಡಿದಳು. ಮೇಡಂ ಮಾತ್ರ ಕುರ್ಚಿ ಎಳೆದು ಕೂತು, ಕನ್ನಡಕ ಹಾಕಿಕೊಂಡರು. ನರ್ಸಿನ ಪಕ್ಕ ಮೈಲ್ಡ್ ಇಟ್ಟರು. ಸರಿ ಎಂದೆ. ಅದನ್ನೇ ಎತ್ತಿ ಮಗಳ ಪಕ್ಕ ಇಟ್ಟರು. ಸರಿ ಎಂದೆ. ತಂಗಿಯ ಸಾಲಿಗೆ ಬಂದಾಗ ಬೆರಳು ಮೈಲ್ಡ್ ಮೇಲೇ ಇತ್ತು, ಎತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಟಿವಿಯ ಕಾರ್ಟೂನು ಕಿರುಚುತ್ತಿತ್ತು. ಆ ಬೆರಳು ಮಾಡರೇಟನ್ನು ದಾಟಿ, ಸಿವಿಯರ್ ಕಾರ್ಡನ್ನು ತಳ್ಳಿಕೊಂಡು ಹೋಗಿ ತಂಗಿಯ ಪಕ್ಕ ಇಟ್ಟಿತು. ಆಮೇಲೆ ಅಭ್ಯಾಸದಂತೆ ಅಂಚು ಸಮ ಮಾಡಲು ಹೋದರು. ಕಾರ್ಡು ಓರೆಯಾಗಿಯೇ ಉಳಿಯಿತು.

ಹೆಂಡತಿ ಗೋಡೆಯ ಫೋನು ಎತ್ತಿ ಆಂಬುಲೆನ್ಸ್ ಕರೆದಳು.

ಆಂಬುಲೆನ್ಸಿನವನು ಬಂದು ಮಂಡಿಯೂರಿ ಕೂತು, ನೋವು ಎಷ್ಟಿದೆ ಎಂದು ಕೇಳಿದ. ಮೇಡಂ ನನ್ನ ಮುಖ ನೋಡಿದರು. ನಾನೆಂದೆ, “ತಂಗಿಗೆ ಹೇಳುವುದನ್ನು ಹೇಳಿ.” ಅವರು ಕಣ್ಣು ಮುಚ್ಚಿಕೊಂಡು “ಸಿವಿಯರ್” ಎಂದರು. ಈ ಸಲ ನಾನು ವೆರಿ ಗುಡ್ ಎನ್ನಲಿಲ್ಲ. ಹೆಂಡತಿ ಮಗುವಿನ ಜೊತೆ ಉಳಿದಳು, ನಾನು ಆಸ್ಪತ್ರೆಗೆ ಹೋದೆ. ಮಗಳು ಸೇತುವೆಯ ಟ್ರಾಫಿಕ್ಕು ದಾಟಿ ಓಡಿಬರುವ ಹೊತ್ತಿಗೆ ಮೇಡಂರನ್ನು ಒಳಗೆ ಕರೆದೊಯ್ದಿದ್ದರು. ಹೃದಯದ ಎರಡು ರಕ್ತನಾಳ ಕಟ್ಟಿಕೊಂಡಿದ್ದವು. ತಡಮಾಡದೆ ಬಿಡಿಸಿದರು. ಆ ರಾತ್ರಿ ಮನೆಯಲ್ಲಿದ್ದಿದ್ದರೆ ಹೇಳುವ ಹಾಗಿರಲಿಲ್ಲ ಎಂದು ಡಾಕ್ಟರು ಮಗಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಾರಿಡಾರಿನ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡೆ. ನನ್ನ ‘ವೆರಿ ಗುಡ್’ ಇವರನ್ನು ಕೊಂದುಬಿಡುತ್ತಿತ್ತು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮಾರನೆಯ ದಿನ ಮೈಲ್ಡ್ ಪರದೆಯನ್ನು ತೆರೆದು ಕೂತೆ. ಅರ್ಥ ಸರಿಯಿತ್ತು. ಚೀನೀ ಪದಗಳು ಸರಿಯಿದ್ದವು. ಮೊದಲ ಉದಾಹರಣೆ, ಇಲ್ಲಿ ಚಳಿಗಾಲ ಮೈಲ್ಡ್. ಎರಡನೆಯದು, ಸೋಪಿನ ಡಬ್ಬಿಯದು. ಎರಡೂ ಸರಿ. ಒಂದು ತಪ್ಪೂ ಇಲ್ಲದ ಪುಟ, ಒಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ. ಆ ಪದವನ್ನು ಯಾರು ಯಾರಿಗೆ ಹೇಳಿದರೆ ಏನಾಗುತ್ತದೆ ಎಂಬುದು ಪುಟದಲ್ಲಿ ಎಲ್ಲೂ ಇರಲಿಲ್ಲ. ಮ್ಯಾನೇಜರನ್ನು ಕರೆದು, ಐದನೆಯ ಚೌಕ ಬೇಕು ಎಂದೆ.

“ಸಾರ್, ಆ ಮೇಡಂ ವಿಷಯ ಕೇಳಿ ನಂಗೂ ತುಂಬಾ ಬೇಜಾರಾಯ್ತು. ಆದ್ರೆ ಐದನೇ ಬಾಕ್ಸ್ ಅಂದ್ರೆ ಎಲ್ಲಾ ಪೇಜೂ ಚೇಂಜ್ ಮಾಡ್ಬೇಕು. ಮುಂದಿನ ವಾರ ಡೆಮೋ. ಇದು ಡಿಕ್ಷನರಿ ಸಾರ್, ಆಸ್ಪತ್ರೆ ಬೋರ್ಡ್ ಅಲ್ಲ.”

“ಸರಿಯಪ್ಪ, ಚೌಕ ಬೇಡ. ಸೋಪನ್ನ ತೆಗೀತೀನಿ. ಅಲ್ಲಿಗೆ ಒಂದು ವಾಕ್ಯ ಹಾಕ್ತೀನಿ. ‘ನೋವು ಮೈಲ್ಡ್ ಎಂದರೆ ಡಾಕ್ಟರು ಮನೆಗೆ ಕಳಿಸುತ್ತಾರೆ.’”

ಅವನು ಓದಿ ನೋಡಿ ಕತ್ತು ಕೆರೆದುಕೊಂಡ. “ವಾಕ್ಯ ಚೆನ್ನಾಗಿದೆ ಸಾರ್. ಕಾರ್ಡ್ ಎಲ್ಲಿ?”

ಸಿಟ್ಟು ನೆತ್ತಿಗೇರಿತು. ಅವನ ಮಾತು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು. ಆ ವಾಕ್ಯವನ್ನು ಯಾರೂ ಹೇಳಿರಲಿಲ್ಲ, ನಾನು ಕಟ್ಟಿದ್ದೆ. ಬೇರೆಯವರು ಕಟ್ಟಿದ ಎಷ್ಟು ವಾಕ್ಯಗಳನ್ನು ನಾನೇ ಕಾರ್ಡಿಲ್ಲವೆಂದು ಹೊಡೆದುಹಾಕಿರಲಿಲ್ಲ! ನೋಡ್ಕೋತಿರು ಎಂದು ಜಾಕೆಟ್ಟು ಎತ್ತಿಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಮೇಡಂ ದಿಂಬಿಗೊರಗಿ ಕೂತಿದ್ದರು. ಫೋನಿನಲ್ಲಿ ಗ್ವಾಂಗ್‌ಡಾಂಗಿನ ತಂಗಿ. ರಿಸೀವರಿನಿಂದ ಹೊರಗೆ ಕೇಳುವಷ್ಟು ಜೋರಾಗಿ ಬೈಗುಳ. ಮೇಡಂ ಕ್ಯಾಂಟನೀಸಿನಲ್ಲಿ ಚಿಕ್ಕದಾಗಿ ಏನೋ ಹೇಳಿದರು, ಅದರ ನಡುವೆ ‘ಮೈಲ್ಡ್’ ಎಂಬ ಇಂಗ್ಲಿಷ್ ಪದ ಟಕ್ಕನೆ ಬಂತು. ಫೋನು ಇಟ್ಟ ಮೇಲೆ ಏನು ಹೇಳಿದಿರಿ ಎಂದು ಕೇಳಿದೆ.

“ಏಕೆ ಮನೆಗೆ ಕಳಿಸಿದರು ಎಂದು ಕೇಳಿದಳು. ‘ನಾನು ಮೈಲ್ಡ್ ಎಂದೆ, ಅದಕ್ಕೆ ಕಳಿಸಿದರು’ ಎಂದೆ.”

“ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಟೀಚರ್.”

ಹೇಳಿದರು. ತಪ್ಪಿಲ್ಲದ ವಾಕ್ಯ. ಜೇಬಿನಿಂದ ಕಾರ್ಡು ತೆಗೆದೆ. ‘ಯಾರು: ಅಕ್ಕ. ಯಾರಿಗೆ: ತಂಗಿಗೆ.’ ಮೇಡಂ ಕಾರ್ಡನ್ನು ಇಸಿದುಕೊಂಡು ಓದಿ, ಪೂರ್ಣವಿರಾಮ ಬಿಟ್ಟಿದ್ದೀರಿ ಎಂದು ವಾಪಸು ಕೊಟ್ಟರು.

ಮ್ಯಾನೇಜರು ಅದನ್ನು ಎರಡು ಸಲ ಓದಿದ. ಸೋಪನ್ನು ಅವನೇ ಅಳಿಸಿದ. ಅನುವಾದಕಿ ಕೆಳಗೆ ಚೀನೀ ಸಾಲು ಬರೆದು, ಒಂದು ಪ್ರತಿ ಅಚ್ಚು ಹಾಕಿಸಿಕೊಂಡರು. ಯಾಕೆಂದು ಕೇಳಿದೆ. “ನನ್ನ ಅಮ್ಮನಿಗೆ ಫ್ಯಾಕ್ಸ್ ಮಾಡುತ್ತೇನೆ,” ಎಂದರು.

ಆರು ವಾರಗಳ ನಂತರ ಮೇಡಂ ಮತ್ತೆ ಲೈಬ್ರರಿಯ ಕೋಣೆಗೆ ಬಂದರು, ತೆಳ್ಳಗಾಗಿ, ಮಗಳ ಕೈ ಹಿಡಿದು. ಹೊಸ ಪುಟವನ್ನು ಅವರ ಮುಂದಿಟ್ಟೆ. ನಿಧಾನವಾಗಿ ಓದಿದರು. ಫಾರಂ ಕೊಟ್ಟೆ. ‘ಸ್ಪಷ್ಟವಾಗಿದೆಯೇ?’ ಎಂಬುದರ ಮುಂದೆ, ಇಷ್ಟು ತಿಂಗಳಲ್ಲಿ ಮೊದಲನೆಯ ಸಲ, ಆ ಕೋಣೆಯಲ್ಲಿ ಒಬ್ಬರು, ಅದೂ ಮೇಡಂ, ‘ಇಲ್ಲ’ ಎಂದು ಗುರುತು ಹಾಕಿದ್ದರು. ನನಗೆ ಕುತೂಹಲ ತಡೆಯಲಾಗಲಿಲ್ಲ. ಕಾರಣ ಬರೆಯಿರಿ ಎಂಬ ಗೆರೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದರು: ‘ಸಿವಿಯರ್ ಎಂದು ಹೇಳಿದರೆ, ಮೂರು ಗಂಟೆಗೆ ಮಗುವನ್ನು ಯಾರು ಕರೆತರುತ್ತಾರೆ?’

ಎರಡೆರಡು ಸಲ ಓದಿದೆ. ಕ್ಲಿನಿಕ್ಕಿನ ಗಡಿಯಾರ ಕಣ್ಣ ಮುಂದೆ ಬಂತು. ಸಂಕೋಚ, ಮರ್ಯಾದೆ ಎಂದೆಲ್ಲ ನಾನು ಲೆಕ್ಕ ಹಾಕಿಕೊಂಡಿದ್ದೆ. ಅದೆಲ್ಲ ಇತ್ತು, ನಿಜ. ಆದರೆ ಅವತ್ತು ಆಕೆ ಮೂರು ಗಂಟೆಯೊಳಗೆ ಹೊರಗೆ ಬರಬೇಕಾಗಿತ್ತು. ಅದಕ್ಕೆ ಇದ್ದ ಪದ ಅದೊಂದೇ. ಈ ಪ್ರಶ್ನೆಯ ಉತ್ತರ ಯಾವ ಚೌಕದಲ್ಲಿ ಬರೆಯಲಿ?

ಉತ್ತರ ಕಂಪನಿಯೇ ಕೊಟ್ಟಿತು ಎನ್ನಬೇಕು. ಡೆಮೋ ನೋಡಿ ಚಪ್ಪಾಳೆ ಹೊಡೆದು ಹೋದ ಇನ್ವೆಸ್ಟರುಗಳು ಮತ್ತೆ ಬರಲಿಲ್ಲ. ಆ ಚಳಿಗಾಲ ಕಳೆಯುವ ಹೊತ್ತಿಗೆ ಕಂಪನಿ ಮುಚ್ಚಿ, ಪಿಂಗ್‌ಪಾಂಗ್ ಮೇಜು ಕೂಡ ಮಾರಾಟವಾಯಿತು. ನಿಘಂಟಿನ ಪುಟಗಳು ಒಂದು ದಿನ ಇದ್ದವು, ಮಾರನೆಯ ದಿನ ಇಲ್ಲ. ಅನುವಾದಕಿಯ ಅಮ್ಮನ ಮನೆಯಲ್ಲಿ ಮೈಲ್ಡ್ ಪುಟದ ಫ್ಯಾಕ್ಸ್ ಉಳಿದಿರಬಹುದು. ನನಗೆ ಹಗಲೆಲ್ಲ ಬಿಡುವಾಯಿತು. ಮೂರು ಗಂಟೆಗೆ ಡೇಕೇರಿನ ಬಾಗಿಲಲ್ಲಿ ನಿಲ್ಲುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಕನ್ನಡ ಕೂಟದಲ್ಲಿ ಈಗೇನ್ ಮಾಡ್ತೀರಾ ಸಾರ್ ಎಂದರೆ, “ಮೂರ್ ಗಂಟೆಗೆ ಡ್ಯೂಟಿ ಇದೆ,” ಎನ್ನುತ್ತಿದ್ದೆ.

ವಸಂತ ಬಂದಾಗ ಮೇಡಂಗೆ ಸ್ವಲ್ಪ ಸ್ವಲ್ಪ ನಡೆಯಲು ಡಾಕ್ಟರು ಹೇಳಿದರು. ಒಂದು ದಿನ ಇಬ್ಬರೂ ಲಗೂನಿನ ದಡದಲ್ಲೇ ಡೇಕೇರಿನ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ಅವರು ನಿಂತರು. ನನ್ನ ಕೈ ಜೇಬಿಗೆ ಹೋಯಿತು. ಅವರು ನನ್ನ ಮುಖ ನೋಡಿ, “ಈವತ್ತು ನಿಜವಾಗಿ ಬಾತುಕೋಳಿ ನೋಡುತ್ತಿದ್ದೇನೆ, ಟೀಚರ್,” ಎಂದರು. ನೀರಿನಲ್ಲಿ ತಾಯಿಯ ಹಿಂದೆ ಆರು ಮರಿಗಳಿದ್ದವು.

ಆದರೂ ನಾನು ಜೇಬಿನಿಂದ ಮೂರು ಕಾರ್ಡು ತೆಗೆದು ಬೆಂಚಿನ ಮೇಲೆ ಹರಡಿದೆ. ಅವರು ಗೊಣಗಿಕೊಂಡೇ ಬಗ್ಗಿ, ಮೈಲ್ಡ್ ಎಂಬುದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ತಂಗಿಗೆ?” ಎಂದೆ.

“ತಂಗಿಗೂ ಅದೇ,” ಎಂದರು.